ಜೋಡು

ಜೂನ್ ತಿಂಗಳು. ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಯಲ್ಲಿ
ಮೂರು ಶಾಲೆಯ ಯೂನಿಫಾರಂ, ಒಂದರ ಮೇಲೊಂದು.
ಆಗ ಬಂದ ಡಿಪೋದ ರಂಗಧಾಮ,
ಬಸ್ಸಿನ ನೆಗ್ಗು ಬಡಿಯುವವನು. ಹೆಗಲಲ್ಲಿ ಗೋಣಿಚೀಲ.
'ಇನಾಯತಣ್ಣ, ಜೋಡಿಗೆ ಒಳಗಿನದೊಂದು ಹೊಲಿದು ಕೊಡು.'
'ಚಪ್ಪಲಿ ಅಂಗಡಿ ಆ ಕಡೆ' ಅಂದೆ.
ನಕ್ಕ. ಜೋಡು ಅಂದರೆ ಕವಚವಂತೆ, ಹಿಂದಿನ ಕನ್ನಡದಲ್ಲಿ,
ಡ್ರಿಲ್ ಕಲಿಸುವ ದಾಕ್ಷಾಯಿಣಿ ಮೇಡಂ ಹೇಳಿದ್ದಂತೆ.
ಎದೆಗೂ ಅಂಗಾಲಿಗೂ ಒಂದೇ ಮಾತಿನಲ್ಲಿ ಕತ್ತರಿಸಿದ್ದಾರೆ ಯಾರೋ.

ಚೀಲ ಸುರಿದ. ನೆಲಕ್ಕೆ ಬಿದ್ದದ್ದು ಕಬ್ಬಿಣ,
ಆದರೆ ಬಟ್ಟೆಯ ಹಾಗೆ ಮಡಿಚಿ ಬಿತ್ತು.
ಬೇಲಿ ತಂತಿಯನ್ನು ಸರಳಿಗೆ ಸುತ್ತಿ, ಕತ್ತರಿಸಿ,
ಒಂದು ಉಂಗುರಕ್ಕೆ ನಾಲ್ಕು ಉಂಗುರ ಕೋದು
ಎರಡು ವರ್ಷದ ರಾತ್ರಿ ಪಾಳಿ.
ಹನ್ನೊಂದು ಸಾವಿರದ ಮೇಲೆ ಎಣಿಸಲಿಲ್ಲವಂತೆ.
ದಾರವಿಲ್ಲ, ಅಂಚಿಲ್ಲ. ಹದಿನಾಲ್ಕು ಕಿಲೋ.
ಬರಿಮೈಗೆ ತೊಟ್ಟರೆ ಹೆಗಲು ಕಿತ್ತು ಬರುತ್ತದೆ;
ಹತ್ತಿ ತುಂಬಿ, ಗೆರೆಗೆರೆಯಾಗಿ ಹೊಲಿಗೆ ಹಾಕಿದ
ದಪ್ಪನೆ ಅಂಗಿ ಬೇಕು ಅದರ ಕೆಳಗೆ.
'ಕೌದಿ ಹೊಲಿಯೋಕೆ ನಮ್ಮ ಅಮ್ಮಿಯನ್ನ ಕರಿ' ಅಂದೆ.
ಟೇಪು ಮಾತ್ರ ಆಗಲೇ ಕೈಗೆ ಬಂದಿತ್ತು.

ನಮೂನೆ ತೋರಿಸು ಅಂದದ್ದು ನಾನೇ.
ಭಾನುವಾರ ಸ್ಕೂಟರಿನಲ್ಲಿ ಕರೆದೊಯ್ದರು,
ದೊಡ್ಡಗದ್ದವಳ್ಳಿ ದಾಟಿ ಒಂದು ಕೆರೆಯ ಏರಿಗೆ.
ಅರ್ಧ ಹೂತ ವೀರಗಲ್ಲು, ಅದಕ್ಕೆ ಕಟ್ಟಿದ ಎಮ್ಮೆ.
ಮೇಡಂ ಎಮ್ಮೆ ಬಿಚ್ಚಿ, ಬಾಟಲಿಯ ನೀರಲ್ಲಿ ಕಲ್ಲಿನ ಮುಖ ತೊಳೆದರು.
ಕೆಳಗೆ ಕಾದಾಟ. ನಡುವೆ ಇಬ್ಬರು ಹೆಣ್ಣುಗಳು
ಅವನ ರಟ್ಟೆ ಹಿಡಿದು ಎತ್ತುತ್ತಿದ್ದಾರೆ.
ಮೇಲಿನ ಅಂತಸ್ತಿನಲ್ಲಿ ಲಿಂಗದೆದುರು ಆರಾಮ ಕೂತಿದ್ದಾನೆ,
ಪಿಂಚಣಿ ಮಂಜೂರಾದವನ ಹಾಗೆ.

ಟೇಪು ಇಟ್ಟೆ. ಎದೆ ಮೂರೂಕಾಲು ಇಂಚು.
ಹೆಗಲ ಹೊಲಿಗೆ ಹುಡುಕಿದೆ, ಕೊರಳ ಪಟ್ಟಿ ಹುಡುಕಿದೆ,
ಕಂಕುಳಲ್ಲಿ ಬೆರಳಾಡಿಸಿದೆ.
ಸೊಂಟದಲ್ಲಿ ಒಂದು ಕಚ್ಚೆ, ಒಂದು ಕಠಾರಿ, ನೆತ್ತಿಯ ತುರುಬು.
ಅಷ್ಟೆ. ಬರಿಯೆದೆ.
'ಇವನಿಗೆ ದರ್ಜಿಯೇ ಇಲ್ಲವಲ್ಲೋ, ನಿನಗ್ಯಾಕೆ?'
ರಂಗಧಾಮ ಕಲ್ಲಿನ ಮೇಲೆ ಕೈಯಿಟ್ಟು ಸುಮ್ಮನಿದ್ದ.
ಆಮೇಲೆ ಅಂದ:
'ಅವನು ಸತ್ತ, ಅಣ್ಣ.
ನಾವು ಸೋಮವಾರ ಡ್ಯೂಟಿಗೆ ಹೋಗಬೇಕು.'

ಜನವರಿಯಲ್ಲಿ ಮೊಸಳೆ ಕಡೆಯ ಒಂದು ಗದ್ದೆ, ಬತ್ತ ಕೊಯ್ದ ಕೂಳೆ.
ಏಳು ಜನ. ಬಿದಿರ ಕತ್ತಿಗೆ ಸೈಕಲ್ ಟ್ಯೂಬು ಸುತ್ತಿದ್ದು,
ಬಸ್ಸಿನ ಗಾಳಿಟ್ಯಾಂಕಿನ ಬುರುಡೆ ಕೊಯ್ದು ಮಾಡಿದ ಶಿರಸ್ತ್ರಾಣ.
ಅಪ್ಸರೆ ಆಗುವುದಿಲ್ಲ ಎಂದರು ಮೇಡಂ, ಕತ್ತಿ ಎತ್ತಿಕೊಂಡರು.
ಸಾಯಲು ಯಾರೂ ಒಪ್ಪಲಿಲ್ಲ. ಚೀಟಿ ಎತ್ತಿದೆವು.
ರಂಗಧಾಮನಿಗೇ ಬಂತು.
ಮೇಡಂ ಹೊಡೆದರು, ಡ್ರಿಲ್ಲಿನ ಎಣಿಕೆಯಲ್ಲಿ, ಒಂದು, ಎರಡು.
ಪಾತ್ರೆ ಅಂಗಡಿ ಕುಸಿದ ಸದ್ದಿನಲ್ಲಿ ಬಿದ್ದ.
ಡೇರಿಯ ಇಬ್ಬರು ಹುಡುಗರು ಅಪ್ಸರೆಯರು,
ರಟ್ಟೆಗೊಬ್ಬರು ಜಗ್ಗಿದರು. ಕದಲಲಿಲ್ಲ.
'ಹಾಲಿನ ಕ್ಯಾನೇ ಹಗುರ! ಸ್ವರ್ಗ ಬೇಡ, ಎದ್ದೇಳಣ್ಣ!'
ನಕ್ಕ. ನಗುತ್ತಲೇ ಇದ್ದ. ಆಮೇಲೆ ನಗು ನಿಂತಿತು,
ಎದ್ದೇಳಲಿಲ್ಲ.
ಓಡಿದೆ, ಚಪ್ಪಲಿ ಕೆಸರಲ್ಲಿ ಬಿಟ್ಟು.
ಕಣ್ಣು ತೆರೆದಿದ್ದ, ಆಕಾಶ ನೋಡುತ್ತಿದ್ದ, ಅಷ್ಟೆ.
ಕೊರಳ ಬಳಿ ಉಂಗುರ ಸರಿದು ನನ್ನ ಹೊಲಿಗೆ ಕಾಣುತ್ತಿತ್ತು,
ಸಾಲುಸಾಲಾಗಿ ಏರುತ್ತಿತ್ತು, ಇಳಿಯುತ್ತಿತ್ತು.

ಏಳೂ ಅಂಗಿ ರಿಪೇರಿಗೆ ಬಂದಿವೆ ಈಗ.
ಎಲ್ಲರದೂ ಹರಿದದ್ದು ಕಂಕುಳಲ್ಲೇ,
ಹೊಡೆಯಲು ಕೈಯೆತ್ತುವ ಜಾಗ. ಒಂದಿಂಚು ಬಿಡಬೇಕಿತ್ತು.
ಅಳತೆ ಪುಸ್ತಕ ತಿರುವುತ್ತಿದ್ದ ಅಂಗಡಿಯ ಹುಡುಗ ಕೇಳಿದ:
'ಕೆರೆ ಏರಿ, ಎದೆ ಮೂರೂಕಾಲು. ಇದ್ಯಾವ ಶಾಲೆ?
ಎಂದಿಗೆ ಕೊಡಬೇಕು ಬರೆದಿಲ್ಲ.
ಅಡ್ವಾನ್ಸಾದರೂ ಕೊಟ್ಟಿದಾರಾ?'
ಹಲ್ಲಲ್ಲಿ ದಾರ ಇತ್ತು.
ಹೂಂ, ಅಂದೆ.